ಮೆಟ್ಲಗುಡ್ಡದ ಓಣಿಯಲ್ಲಿ ಮನೆ ನೋಡಿದ್ದು

ಶಕ್ತಿನಗರ
ತಾ. ೧೨-೧೧-೧೯೮೬, ಬುಧವಾರ

ಮೊಮ್ಮಗಳು ಅಮರಮ್ಮನಿಗೆ ನಿನ್ನ ಅಪ್ಪನ ಹಡೆದವ್ವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನನ್ನ ಮೊಣಕಾಲು ಮಾತ್ರ ಭಾನುವಾರದಿಂದ ನನ್ನ ಮಾತು ಕೇಳುತ್ತಿಲ್ಲ. ಅದಕ್ಕೆ ಕಾರಣ ನೀನು.

ನಿನ್ನ ಕಾಗದ ಮುಟ್ಟಿತು. ಅಪ್ಪ ಮೆಟ್ಲಗುಡ್ಡದ ಸಂಬಂಧ ಹಿಡಿದು ಕೂತಿದ್ದಾನೆ, ಈ ಹುಣ್ಣಿಮೆಗೆ ಅವರು ಕುಂಕುಮ ಹಚ್ಚಲು ಬರುತ್ತಾರಂತೆ, ನಾನು ಹುಡುಗನನ್ನೂ ನೋಡಿಲ್ಲ ಮನೆಯನ್ನೂ ನೋಡಿಲ್ಲ, ನೀನು ಹೋಗಿ ನೋಡು, ನೀನು ಹ್ಞೂಂ ಅಂದರೆ ಹ್ಞೂಂ, ಊಹೂಂ ಅಂದರೆ ಅಪ್ಪನಿಗೂ ನೀನೇ ಹೇಳು ಎಂದು ಬರೆದಿದ್ದೀಯ. ಶಾಬಾಶ್. ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದು ಟೀಚರ್ ಟ್ರೇನಿಂಗ್ ಓದುವ ಹುಡುಗಿ, ನಾಳೆ ಐವತ್ತು ಮಕ್ಕಳಿಗೆ ಬುದ್ಧಿ ಹೇಳುವವಳು, ತನ್ನ ಬಾಳುವೆಯನ್ನು ತೆಗೆದು ಒಬ್ಬ ಮುದುಕಿಯ ಕಣ್ಣಿಗೆ ಒಪ್ಪಿಸಿದ್ದೀಯ. ಯಾಪಲದಿನ್ನಿಯ ಐಗಳ ಮುಂದೆ ಎರಡು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದ್ದು ಬಿಟ್ಟರೆ ನನಗೆ ಬೇರೆ ಓದಿಲ್ಲ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಮಗುವನ್ನು ಕರೆಯುತ್ತೇನೆ. ಇರಲಿ, ಹೋಗಿ ಬಂದೆ. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಮೊದಲು ನಿನ್ನಪ್ಪನ ಸಂಗತಿ. ಅವನಿಗೆ ಈ ಸಂಬಂಧ ಹಿಡಿಸಿದ್ದು ಹುಡುಗನಿಂದಲ್ಲ, ಕ್ಯಾಲೆಂಡರಿನಿಂದ. ಎರಡು ವರ್ಷದ ಹಿಂದೆ ಯಾರೋ ಆ ಓಣಿಯ ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕಿದರು. ಅಂದಿನಿಂದ ಮಂದಿ ಬಸ್ಸು ಮಾಡಿಕೊಂಡು ಅಲ್ಲಿಗೆ ಹೋಗುತ್ತಾರೆ. ಆ ಕ್ಯಾಲೆಂಡರನ್ನು ನಿನ್ನಪ್ಪ ಹನುಮಂತ್ರಾಯ ಎಲ್ಲಿಂದಲೋ ತಂದು ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು ಹಾಕಿದ್ದಾನೆ. ಬಂದವರಿಗೆಲ್ಲ, "ನೋಡ್ರಿ, ನಮ್ಮ ಬೀಗರ ಮನಿ ಕ್ಯಾಲೆಂಡರದಾಗ ಅದ" ಅನ್ನುತ್ತಾನೆ. "ಅದರಾಗ ಬೀಗರು ಅದಾರೇನು?" ಎಂದು ಕೇಳಿದೆ. "ಅವ್ವಾ, ನಿನಗ ತಿಳ್ಯಂಗಿಲ್ಲ. ಹೈದರಾಬಾದಿನಿಂದ ಮಂದಿ ಬರತಾರ ಆ ಓಣಿ ನೋಡಾಕ" ಅಂದ. ಹೈದರಾಬಾದಿನ ಮಂದಿ ಬಂದು ನೋಡುವ ಅಂಗಳದಲ್ಲಿ ಹುಡುಗಿ ತಲೆ ಬಿಚ್ಚಿ ಬಾಚಿಕೊಳ್ಳುವುದು ಹೇಗೆ ಎಂದು ಕೇಳಿದೆ. ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ನಮ್ಮ ಕಾಲೋನಿಯ ಹೆಂಗಸರು ಭಾನುವಾರ ಅಲ್ಲಿಗೆ ಟ್ರಿಪ್ಪು ಹೊರಟಿದ್ದರು. ಪಕ್ಕದ ಮನೆಯ ಎಂಜಿನಿಯರಮ್ಮ ಮೈಸೂರು ಕಡೆಯವಳು, ಒಳ್ಳೆಯವಳೇ. "ಅಜ್ಜಿ, ನೀವೂ ಬನ್ನಿ, ಒಂದು ಸೀಟಿದೆ" ಅಂದಳು. ಮನೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರೆ ಯಾರ ಮನೆಯಾದರೂ ಚೆಂದವೇ ಇರುತ್ತದೆ. ಸುಣ್ಣ ಬಳಿದಿರುತ್ತಾರೆ, ಪಕ್ಕದವರ ತಾಮ್ರದ ಹಂಡೆ ತಂದು ಇಟ್ಟಿರುತ್ತಾರೆ, ಬಾಯಿ ಜೋರಿರುವ ಅತ್ತೆಯನ್ನು ಯಾರದೋ ಮನೆಗೆ ಕಳಿಸಿರುತ್ತಾರೆ. ಟೂರಿಸ್ಟರ ಜೊತೆ ಹೋದರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಯಾರಿಗೂ ಹೇಳದೆ ಹೊರಟೆ. ನಿನ್ನಪ್ಪ, ಮುದುಕಿಗೆ ತಿರುಗಾಡುವ ಹುಚ್ಚು ಹತ್ತಿದೆ ಎಂದುಕೊಂಡ.

ಬಸ್ಸು ನಡೆಸಿದವನು ಜಿಲಾನಿ ಪಾಷಾ. ದೇವದುರ್ಗ ದಾಟಿದ ಮೇಲೆ ರಸ್ತೆ ಎಂಬುದು ಅವನ ನಂಬಿಕೆ ಮಾತ್ರ. ಹನ್ನೊಂದಕ್ಕೆ ಗುಡ್ಡದ ಬುಡದಲ್ಲಿ ಇಳಿಸಿದ. ಅಲ್ಲಿ ಒಂದು ಬಾವಿ, ಬಾವಿಯ ಪಕ್ಕದಲ್ಲಿ ಇಮಾಮ್ ಬೀ ಎಂಬ ನನ್ನ ವಯಸ್ಸಿನವಳ ಮಿರ್ಚಿ ಬಜ್ಜಿ ಬಂಡಿ. ಅಲ್ಲಿಂದ ಮೆಟ್ಟಿಲು ಶುರು. ಓಣಿ ಅಂದರೆ ಮೆಟ್ಟಿಲೇ, ಅಮರೀ. ಕಲ್ಲಿನ ಮೆಟ್ಟಿಲು ಬುಡದಿಂದ ಮೇಲಿನ ಕೋಟೆಯ ಅಗಸಿ ಬಾಗಿಲ ತನಕ ಏರುತ್ತದೆ, ಎರಡೂ ಕಡೆ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿವೆ. ಬಿಳಿ ಸುಣ್ಣ, ಕೆಮ್ಮಣ್ಣಿನ ಪಟ್ಟಿ, ಕೆತ್ತನೆಯ ಬಾಗಿಲು, ಮನೆಗೊಂದು ಕಟ್ಟೆ. ನೋಡಲು ಚೆಂದ ಇದೆ, ಸುಳ್ಳು ಯಾಕೆ ಹೇಳಲಿ. ಕ್ಯಾಲೆಂಡರಿಗೆ ಹಾಕಿದವನ ತಪ್ಪಿಲ್ಲ.

ಬುಡದಲ್ಲೇ ಒಂದು ಇಂಗ್ಲಿಷ್ ಬೋರ್ಡು. ಎಂಜಿನಿಯರಮ್ಮನಿಂದ ಓದಿಸಿದೆ. ಇದು ಹಳೆಯ ಓಣಿ, ಇಲ್ಲಿಯ ಕಲ್ಲು ಕೀಳಕೂಡದು, ಅಗೆಯಕೂಡದು, ಮನೆಯ ರೂಪ ಕೆಡಿಸಕೂಡದು ಎಂದು ಬರೆದಿದೆ. ಅಗೆಯದೆ ನಳದ ಪೈಪು ಹೇಗೆ ಹಾಕುತ್ತಾರೆ ಎಂದು ಕೇಳಿದೆ. "ಹಾಕೋ ಹಾಗಿಲ್ಲ ಅಜ್ಜಿ, ಅದಕ್ಕೇ ಇಷ್ಟು ಚೆನ್ನಾಗಿ ಉಳಿದಿದೆ" ಅಂದಳು. ಅವಳ ಮನೆಯಲ್ಲಿ ಮೂರು ನಳ ಇವೆ. ಪಾಯಿಖಾನೆಯ ಕಥೆಯೂ ಅದೇ. ಹೆಂಗಸರು ನಸುಕಿನಲ್ಲಿ ಎದ್ದು ಕೋಟೆ ಗೋಡೆಯ ಆಚೆ ಹೋಗಿ ಬರಬೇಕು. ಸೂರ್ಯ ಹುಟ್ಟಿದ ಮೇಲೆ ಅಲ್ಲಿ ಕ್ಯಾಮೆರಾ ಹಿಡಿದವರು ತಿರುಗುತ್ತಿರುತ್ತಾರೆ.

ನಾನು ಮೆಟ್ಟಿಲು ಎಣಿಸುತ್ತಾ ಏರಿದೆ. ಐವತ್ತೆರಡಕ್ಕೆ ಉಸಿರು ಹಿಡಿದು ಒಂದು ಕಟ್ಟೆಯ ಮೇಲೆ ಕೂತೆ. ಜೊತೆಯ ಹೆಂಗಸರು ಎಲ್ಲರ ಬಾಗಿಲಲ್ಲೂ ಕತ್ತು ಹಾಕಿ ನೋಡುತ್ತಿದ್ದರು. ಒಂದು ಮನೆಯಲ್ಲಿ ಗಂಡಸೊಬ್ಬ ಉಣ್ಣುತ್ತಿದ್ದ, ಅವನ ತಾಟಿನ ಫೋಟೋ ತೆಗೆದರು. ಅವನು ಅದಕ್ಕೂ ಒಗ್ಗಿಹೋದವನು, ರೊಟ್ಟಿ ಕೈಯಲ್ಲಿ ಹಿಡಿದು ತಡೆದು ಕೂತ.

ಅಷ್ಟರಲ್ಲಿ ಮೇಲಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಹಿತ್ತಾಳೆ ಕೊಡ ಹೊತ್ತು ಇಳಿದು ಬಂದಳು. "ಅಲ್ಲೇ ನಿಂತ್ಕೊಳಿ, ಹಾಗೇ, ಹಾಗೇ" ಎಂದು ಎಂಜಿನಿಯರಮ್ಮ ಓಡಿದಳು. ನಮ್ಮವರೆಲ್ಲ ಮುತ್ತಿಕೊಂಡರು. ನಾನು ಕೂತಲ್ಲಿಂದ ನೋಡಿದೆ. ನಲವತ್ತು ವರ್ಷ ನೀರು ಹೊತ್ತ ಕುತ್ತಿಗೆ ನನ್ನದು, ನನಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ತರಲು ಇಳಿಯುವವಳು ಕೊಡವನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ, ತಲೆಯ ಮೇಲಲ್ಲ. ಅವಳ ಕುತ್ತಿಗೆಯ ನರ ಉಬ್ಬಿರಲಿಲ್ಲ, ಕೊಡ ಗಾಳಿಗೆ ಅಲುಗುತ್ತಿತ್ತು. ಖಾಲಿ ಕೊಡ.

ಮನೆ ನೋಡಲು ಹೊರಟವಳಿಗೆ ಖಾಲಿ ಕೊಡ ಎದುರು. ಅಲ್ಲಿಂದಲೇ ತಿರುಗಿ ಬಸ್ಸಿನಲ್ಲಿ ಕೂತುಬಿಡಬೇಕು ಅನ್ನಿಸಿತು. ನಿನ್ನಪ್ಪನಿಗೆ ಹೇಳಲು ಅಷ್ಟೇ ಸಾಕಿತ್ತು. ಆದರೆ ಮೊಣಕಾಲು ಏಳಲಿಲ್ಲ. ಫೋಟೋದವರು ಮುಂದೆ ಹೋದ ಮೇಲೆ ಅವಳನ್ನು ಕರೆದು, "ಖಾಲಿ ಕೊಡ ಹೊತ್ತು ಯಾಕ ಅಡ್ಡಾಡಾಕತ್ತೀಯವ್ವಾ, ಎದುರು ಬಂದವರಿಗೆ ಛಲೋ ಅಲ್ಲ" ಅಂದೆ.

ಅವಳು ಸಿಟ್ಟಾಗಲಿಲ್ಲ. "ತುಂಬಿದ ಕೊಡ ಹೊತ್ತು ಅಷ್ಟೊತ್ತು ನಿಂತರ ಕುತಿಗಿ ಬೀಳತದರಿ. ಅವರಿಗೆ ಬೇಕಾಗಿದ್ದು ಫೋಟೋ, ನೀರಲ್ಲ" ಅಂದಳು. ಆಮೇಲೆ ನನ್ನ ಕಾಲು ನೋಡಿ, "ಬಿಸಿಲಾಗ ಕುಂದ್ರಬ್ಯಾಡ್ರಿ, ಇದ ನಮ್ಮ ಮನಿ, ಒಳಗ ಬರ್ರಿ" ಅಂದಳು. ಯಾರ ಮನೆ ಎಂದು ಕೇಳಿದೆ. "ಕಂಬಳಿ ಸಿದ್ದರಾಮಪ್ಪನ ಮನಿ. ನಾ ಅವನ ತಾಯಿ, ಪಾರ್ವತೆಮ್ಮ" ಅಂದಳು. ಹೀಗೆ ನಾನು ಕೂತಿದ್ದೇ ನಿನ್ನಪ್ಪನ ಬೀಗರ ಕಟ್ಟೆ.

ಒಳಗೆ ಹೋದೆ. ಅವಳು ಗೋಡೆಯ ಮೇಲಿನ ಕರಿ ಕಂಬಳಿ ತೆಗೆದು ಹಾಸಿದಳು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಾಲೋನಿಯ ಎಂಜಿನಿಯರನ ತಾಯಿಯ ಹಾಗೆ ಇರಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡು ಬಂದಿದ್ದೆ. ಕಂಬಳಿ ಹಾಸಿದ ಕೂಡಲೇ ಕೈ ತಾನಾಗಿ ಹೋಗಿ ಅದರ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಕುರಿ ಕಾಯ್ದ ಮನೆಯಲ್ಲಿ ಹುಟ್ಟಿದವರು ಹಾಗೆ ಮಾಡದೆ ಕಂಬಳಿಯ ಮೇಲೆ ಕೂರುವುದಿಲ್ಲ, ನಿನಗೆ ಗೊತ್ತು.

ಪಾರ್ವತೆಮ್ಮ ನೋಡಿದಳು. ನೀರಿನ ತಂಬಿಗೆ ಮುಂದಿಟ್ಟು, "ಯಾವೂರಿಂದ ಬಂದೀರಿ?" ಎಂದು ಕೇಳಿದಳು. ಶಕ್ತಿನಗರ ಕಾಲೋನಿ ಅಂದೆ. "ಕಾಲೋನಿಯವರು ಭಾಳ ಮಂದಿ ಬಂದು ಹೋಗ್ಯಾರ ಇಲ್ಲಿ. ಎಲ್ಲಾರೂ ಚಪ್ಪಲಿ ಮೆಟಗೊಂಡೇ ಕಂಬಳಿ ಮ್ಯಾಲೆ ಬರತಾರ. ನಮಸ್ಕಾರ ಮಾಡಿ ಕುಂತವರನ್ನ ಇವತ್ತ ನೋಡಿದೆ" ಅಂದಳು. ನಾನು ನೀರು ಕುಡಿಯುವುದರಲ್ಲಿ ಇದ್ದೆ. 

ಅಷ್ಟೊತ್ತಿಗೆ ಮನೆ ನೋಡಿ ಮುಗಿಸಿದೆ. ಒಲೆ ಸಾರಿಸಿ ಇಟ್ಟಿದ್ದಾರೆ. ಜೋಳ ತುಂಬುವ ಮಣ್ಣಿನ ವಾಡೆ ಬಾಯಿ ತನಕ ತುಂಬಿದೆ. ಪಡಸಾಲೆಯಲ್ಲಿ ಮಗ್ಗದ ಗುಂಡಿ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ. ನೇಯ್ದಿಟ್ಟ ಕಂಬಳಿಯೊಂದನ್ನು ಬೊಗಸೆ ಮಾಡಿ ಅದರಲ್ಲಿ ತಂಬಿಗೆ ನೀರು ಸುರಿದೆ, ಕೆಳಗೆ ಒಂದು ಹನಿ ಇಳಿಯಲಿಲ್ಲ. ಕೈ ಇರುವ ಹುಡುಗ. ಬಚ್ಚಲಿನ ಗುಡಾಣ, ಎರಡು ಹಂಡೆ, ಸಾಲಾಗಿ ಇಟ್ಟ ಆರು ಕೊಡ, ಎಲ್ಲವೂ ತುಂಬಿ ತುಳುಕುತ್ತಿದ್ದವು. ಪಾರ್ವತೆಮ್ಮ ನಡೆಯುವಾಗ ಎಡ ಸೊಂಟ ಎಳೆಯುತ್ತಾಳೆ. ಆ ಸೊಂಟ ಇಷ್ಟು ನೀರು ಹೊತ್ತಿದ್ದಲ್ಲ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹುಡುಗನನ್ನೂ ನೋಡಿದೆ. ಹೊರಗೆ ಕಟ್ಟೆಯ ಹತ್ತಿರ ನಮ್ಮ ಹೆಂಗಸರು ಅವನನ್ನು ಹಿಡಿದಿದ್ದರು. ಈ ಓಣಿ ಯಾವ ದೊರೆ ಕಟ್ಟಿಸಿದ್ದು ಎಂದು ಕೇಳಿದರು. "ನನಗ ಗೊತ್ತಿಲ್ಲರಿ" ಅಂದ. ಎಂಜಿನಿಯರಮ್ಮ, ಮೇಲಿನ ಮನೆಯವರು ಮೂರು ದೊರೆಗಳ ಹೆಸರು ಹೇಳಿದರಲ್ಲ ಅಂದಳು. "ಅವರು ದಿನಕ್ಕೊಬ್ಬ ದೊರಿನ್ನ ಹೇಳತಾರ್ರಿ. ಗೊತ್ತಿಲ್ಲ ಅಂದರ ಮಂದಿಗೆ ಸಮಾಧಾನ ಆಗಂಗಿಲ್ಲ" ಅಂದ. ಬಣ್ಣ ಕಪ್ಪು, ಎತ್ತರ ನಿನ್ನಪ್ಪನಷ್ಟು, ಹಲ್ಲು ನೆಟ್ಟಗಿವೆ. ಮಾತು ಕಡಿಮೆ. ಇದನ್ನು ನಾನು ಗುಣ ಎಂದೂ ಹೇಳುವುದಿಲ್ಲ, ದೋಷ ಎಂದೂ ಹೇಳುವುದಿಲ್ಲ. ನನ್ನ ಗಂಡ, ನಿನ್ನ ಮುತ್ಯಾನೂ ಮಾತು ಕಡಿಮೆ ಆಡುತ್ತಿದ್ದ, ಅದರೊಳಗೆ ಏನೂ ಇರಲಿಲ್ಲ.

ಪಾರ್ವತೆಮ್ಮ ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಕೊಟ್ಟಳು. ಉಂಡೆ. ಆಮೇಲೆ ಒಂದು ಬಟ್ಟಲು ಗೋಧಿ ಬೆಲ್ಲದ ಮಾದಲಿ ತಂದು ಮುಂದಿಟ್ಟಳು, ಮೇಲೆ ತುಪ್ಪ. ನಾನು ಕೈ ತೊಳೆದುಕೊಂಡೆ. ನಮ್ಮ ಮಂದಿಯಲ್ಲಿ ಮನೆ ನೋಡಲು ಹೋದವರು ಮನಸ್ಸು ಒಪ್ಪುವ ತನಕ ಆ ಮನೆಯ ಸಿಹಿ ಮುಟ್ಟುವುದಿಲ್ಲ. ಮುಟ್ಟಿದರೆ ಹುಡುಗಿಯನ್ನು ಕೊಟ್ಟ ಲೆಕ್ಕ.

ಅವಳು ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು, "ನೀವು ಆ ಅಮರಮ್ಮನ ಕಡೆಯವರು, ಹೌದಲ್ಲೇನ್ರಿ?" ಅಂದಳು. ಇನ್ನು ಮುಚ್ಚಿಟ್ಟು ಏನು ಮಾಡಲಿ. ಅವರಪ್ಪನ ತಾಯಿ ಅಂದೆ.

"ಕಳ್ಳರಂಗ ಬಂದೀರಲ್ಲ ಬೀಗತಿ" ಅಂದಳು. ನಗುತ್ತಲೇ ಅಂದಳು.

"ನೀ ಖಾಲಿ ಕೊಡ ಹೊತ್ತು ಮಂದೀನ ಮೋಸ ಮಾಡಾಕತ್ತಿ. ನಾನೂ ಒಂದು ಮಾಡಿದೆ" ಅಂದೆ.

ಆಮೇಲೆ ಇಬ್ಬರೂ ನೆಟ್ಟಗೆ ಮಾತಾಡಿದೆವು. ಒಂದು ಮಾತು ಕೇಳುವುದಿದೆ ಅಂದೆ. ಈ ಹಂಡೆ ಕೊಡ ತುಂಬಿದ್ದು ಯಾರು ಎಂದು ಕೇಳಿದೆ. ನಾನೇ ಅಂದಳು. ಸುಳ್ಳು ಎಂದು ಗೊತ್ತಿತ್ತು, ಬಿಟ್ಟೆ. ನಾಳೆ ಸೊಸೆ ಬಂದ ಮೇಲೆ ಯಾರು ತುಂಬುತ್ತಾರೆ ಎಂದು ಕೇಳಿದೆ.

"ಸೊಸಿ ತುಂಬತಾಳ. ನಮ್ಮತ್ತಿ ಹೊತ್ತಳು, ನಾ ಮೂವತ್ತೆಂಟು ವರ್ಷ ಹೊತ್ತೆ. ಈ ಓಣಿಗೆ ಬಂದ ಹೆಣ್ಣು ನೀರು ಹೊರದ ಇದ್ದಿಲ್ಲ" ಅಂದಳು.

ಹುಡುಗಿ ಮಾಸ್ತರಿಕೆ ಮಾಡುವವಳು, ಅದು ನಿಮಗೆ ಗೊತ್ತಿದೆಯೋ ಇಲ್ಲವೋ ಅಂದೆ.

"ಮಾಡಲಿ. ನಾವೇನು ಬ್ಯಾಡ ಅಂದೀವೇನು? ಸಾಲಿ ಹತ್ತಕ್ಕ ಸುರು ಆಗತದ. ಹನ್ನೆರಡು ಕೊಡ ಹೊತ್ತು ಆರಾಮಾಗಿ ಹೋಗಬಹುದು" ಅಂದಳು. ಹಾಸ್ಯಕ್ಕೆ ಹೇಳಿದ್ದಲ್ಲ, ಕೊಂಕಿಗೂ ಹೇಳಿದ್ದಲ್ಲ. ಜೋಳ ಬೀಸಿ ರೊಟ್ಟಿ ಮಾಡು ಅನ್ನುವ ಹಾಗೆ ಹೇಳಿದಳು. ಅವಳು ಕೆಟ್ಟವಳಲ್ಲ, ಅಮರೀ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು.

ಹೊರಡಲು ಎದ್ದೆ. ಮಾದಲಿ ಹಾಗೇ ಇತ್ತು. "ಮನಸಿಗೆ ಬಂದಿಲ್ಲ" ಅಂದಳು. ಇನ್ನೂ ನೋಡುವುದಿದೆ ಅಂದೆ. ಅವಳು ಮಗನನ್ನು ಕರೆದು, "ಇವರ ಕಾಲಾಗ ಕಸುವಿಲ್ಲ, ಕೈ ಹಿಡಿದು ಇಳಿಸಿ ಬಾ" ಅಂದಳು. ನಾನು ಯಾರು ಎಂದು ಹೇಳಲಿಲ್ಲ. ಇದು ಅವಳ ದೊಡ್ಡತನ, ಬರೆದು ಇಡುತ್ತೇನೆ.

ಹುಡುಗ ನನ್ನ ಕೈ ಹಿಡಿದು ಇಳಿಸಿದ. ಒಂದೊಂದು ಮೆಟ್ಟಿಲಿಗೂ ಮೊದಲು ತಾನು ಇಳಿದು ನಿಂತು, ಆಮೇಲೆ ನನ್ನನ್ನು ಇಳಿಸಿಕೊಂಡ. ಅವನ ಬಲ ಹೆಗಲ ಮೇಲೆ ನಿಂಬೆಕಾಯಿಯಷ್ಟು ದೊಡ್ಡ ಜಡ್ಡು ಇದೆ. ಮಗ್ಗದಲ್ಲಿ ಕೂತು ನೇಯುವವನಿಗೆ ಹೆಗಲಿನ ಮೇಲೆ ಜಡ್ಡು ಯಾಕೆ ಬಂತು ಎಂದು ಕೇಳಿದೆ. ಕುರಿಯ ಉಣ್ಣೆಯ ಮೂಟೆ ಅಂದ.

ಬುಡಕ್ಕೆ ಬಂದಾಗ ನಮ್ಮ ಹೆಂಗಸರೆಲ್ಲ ಇನ್ನೂ ಮೇಲಿದ್ದರು. ಇಮಾಮ್ ಬೀಯ ಬಂಡಿಯ ಹತ್ತಿರ ಕೂತೆ. ಅವಳು ಬಾಣಲೆಯಿಂದ ಕಣ್ಣು ಎತ್ತದೆ, "ಕ್ಯಾ ಸಿದ್ದರಾಮ, ಬೆಳಿಗ್ಗಿ ನೀರು ಹೊತ್ತಿದ್ದು ಸಾಲಲಿಲ್ಲಂತ ಈಗ ಮುದುಕೇರನ್ನ ಹೊರಾಕತ್ತೀಯೇನು?" ಅಂದಳು. ಹುಡುಗ ನೆಲ ನೋಡಿದ. ಅವಳು ನನ್ನ ಕಡೆ ತಿರುಗಿ, "ಹೇಳ್ತೀನಿ ಕೇಳ್ರಿ ಯಮ್ಮಾ. ನಾ ನಸುಕಿನಾಗ ಒಲಿ ಹಚ್ಚಾಕ ಬರತೀನಿ. ಅಷ್ಟರಾಗ ಈ ಸಾಹೇಬರದು ಹೆಗಲಿನ ಅಡ್ಡಿ ಕೋಲಿನ ಮ್ಯಾಲೆ ಎರಡೆರಡರಂಗ ಹನ್ನೆರಡು ಕೊಡ ಆಗಿರತಾವ. ತಾಯಿ ಸೊಂಟ ಬಿದ್ದು ಮೂರು ವರ್ಷ ಆತು. ಓಣಿ ಗಂಡಸರು ಎದ್ದು ನೋಡಿದರ ನಗತಾರಂತ ಮುಸುಕು ಹಾಕ್ಕೊಂಡು ಹೊರತಾನ. ಅವನಿಗೆ ನಾ ನೀರವ್ವ ಅಂತ ಹೆಸರಿಟ್ಟೀನಿ" ಅಂದಳು.

"ಸಾಕು ಬಿಡಬೇ ಖಾಲಾ" ಅಂದ. ಅವನ ಕಿವಿ ಕೆಂಪಾಗಿದ್ದವು. ಕಪ್ಪು ಹುಡುಗನ ಕಿವಿ ಕೆಂಪಾಗುವುದನ್ನು ನಾನು ಇಷ್ಟು ವಯಸ್ಸಿಗೆ ಮೊದಲ ಸಲ ನೋಡಿದೆ.

ಆಗ ನಾನು ಯಾರು ಎಂದು ಹೇಳಿದೆ. ಹೇಳಿದ ಮೇಲೆ ಅವನು ದೂರ ಸರಿದು ನಿಂತ. ನಾನು ಕೇಳಿದೆ. "ತಾಯಿಗೋಸ್ಕರ ಮುಸುಕು ಹಾಕ್ಕೊಂಡು ಹೊತ್ತಿ, ಛಲೋ. ಹೆಂಡತಿ ಬಂದ ಮ್ಯಾಲೆ ಹೊರಾವರು ಯಾರು? ಮುಸುಕು ತಗದು ಹೊರತೀಯೋ, ಇಲ್ಲ ಅಡ್ಡಿ ಅಟ್ಟದ ಮ್ಯಾಲೆ ಇಟ್ಟು ಆಕಿ ಕೈಯಾಗ ಕೊಡ ಕೊಡತೀಯೋ?"

ಬಾಯಿ ತೆರೆದ. ತಡಿ, ನನಗೆ ಹೇಳಬೇಡ ಅಂದೆ. ಮುದುಕಿಯರ ಮುಂದೆ ಎಲ್ಲ ಗಂಡಸರೂ ಒಳ್ಳೆಯ ಮಾತೇ ಆಡುತ್ತಾರೆ. ಅದನ್ನು ಕೇಳಿಸಿಕೊಂಡು ನಾನು ನಿನಗೆ ಬರೆದರೆ ಅದು ನನ್ನ ಮಾತಾಗುತ್ತದೆ, ಅವನದಾಗುವುದಿಲ್ಲ. ನನಗೆ ಗಂಡನ ಮನೆ ನೋಡಿದವಳು ನನ್ನ ಅಜ್ಜಿ. ಹೋಗಿ ದನದ ಕೊಟ್ಟಿಗೆ ನೋಡಿದಳು, ಎಂಟು ಎಮ್ಮೆ ಇದ್ದವು, ಹೋಳಿಗೆ ತಿಂದು ಬಂದಳು. ಎಮ್ಮೆ ಆ ವರ್ಷವೇ ಮಾರಿಹೋದವು. ಬಾಳುವೆ ನಲವತ್ತೊಂದು ವರ್ಷ ಮಾಡಿದೆ. ಅವಳಿಗೆ ನಾನು ಬೈಯುವುದಿಲ್ಲ, ಅವಳ ಕಣ್ಣಿಗೆ ಕಂಡದ್ದು ಅಷ್ಟು.

ಸೋಮವಾರ ನಿನ್ನಪ್ಪನಿಗೆ ಹೇಳಿದೆ. ಹೋಗಿದ್ದೆ, ನೋಡಿದೆ, ಸಿಹಿ ಮುಟ್ಟಿಲ್ಲ, ಹುಣ್ಣಿಮೆಗೆ ಯಾರೂ ಬರುವುದು ಬೇಡ, ಹುಡುಗಿ ಪರೀಕ್ಷೆ ಮುಗಿಸಲಿ ಅಂದೆ. "ನನ್ನ ಮಾನ ತಗದಿ" ಅಂದ. ನೀನು ಕ್ಯಾಲೆಂಡರ್ ನೋಡಿ ಮಾತು ಕೊಡುವಾಗ ಮಾನ ಎಲ್ಲಿತ್ತು ಅಂದೆ. ಎರಡು ದಿನದಿಂದ ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಮನೆ ತಣ್ಣಗಿದೆ. ಮೆಟ್ಲಗುಡ್ಡಕ್ಕೂ ಅಂದೇ ಅವನ ಕೈಯಿಂದಲೇ ಹುಣ್ಣಿಮೆಗೆ ಬರಬೇಡಿ ಎಂದು ಕಾರ್ಡು ಬರೆಸಿದೆ. ಸಂಬಂಧ ಬೇಡ ಎಂದು ಬರೆಸಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟು. ಮನೆಗೆ ನಾನು ಊಹೂಂ ಅನ್ನುತ್ತೇನೆ. ಐವತ್ತೆರಡು ಮೆಟ್ಟಿಲು ಏರಿದರೆ ಮನೆ, ನಳ ಬರುವುದಿಲ್ಲ, ಬಂದವರೆಲ್ಲ ಒಲೆಯ ತನಕ ಕತ್ತು ಹಾಕುತ್ತಾರೆ. ಪಾರ್ವತೆಮ್ಮನಿಗೆ ಹ್ಞೂಂ ಅನ್ನುವುದಿಲ್ಲ, ಊಹೂಂ ಕೂಡ ಅನ್ನುವುದಿಲ್ಲ. ಅವಳು ಹೇಳುವುದನ್ನು ಎದುರಿಗೇ ಹೇಳುತ್ತಾಳೆ, ನಿನಗೂ ಬಾಯಿದೆ. ಹುಡುಗನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮನೆ ನೋಡು ಎಂದು ನೀನು ಬರೆದೆ, ನೋಡಿದೆ. ಗಂ‌ಡನನ್ನು ನಿನ್ನ ಬದಲು ನಾನು ನೋಡಲು ಬರುವುದಿಲ್ಲ. ಓದಿದವಳು ನೀನು.

ಹೊತ್ತಿಗೆ ಸರಿಯಾಗಿ ಉಣ್ಣು. ಹಾಸ್ಟೆಲ್ಲಿನ ಬೇಳೆ ನೀರಾಗಿದ್ದರೆ ಶೇಂಗಾ ಹಿಂಡಿ ಪುಡಿ ಕಲಸಿಕೋ, ಗಂಟಿನಲ್ಲಿ ಕಳಿಸಿದ್ದೇನೆ.

ಇಂತು,
ನಿನ್ನ ಬೈಗುಳದ ಮುದುಕಿ,
ಆದೆಮ್ಮ

ತಾ.ಕ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಸಿದ್ದರಾಮಪ್ಪ ಗುರುವಾರ ಗುರುವಾರ ರಾಯಚೂರಿನ ಅಂಗಡಿಗೆ ಕಂಬಳಿ ತರುತ್ತಾನೆ. ಈ ಗುರುವಾರ ಬೆಳಿಗ್ಗೆ ರಾಯಚೂರು ದಾಟಿ ಇನ್ನೊಂದು ಬಸ್ಸು ಹತ್ತಿ ಮುಂದೆ ಬಂದು ನಮ್ಮ ಕಾಲೋನಿ ಪಕ್ಕದ ದೇವಸುಗೂರಿನ ಗುಡಿಯ ಹತ್ತಿರ ನನ್ನಿಂದ ಒಂದು ಗಂಟು, ಒಂದು ಕಾಗದ ತೆಗೆದುಕೊಂಡು ಹೋಗು ಎಂದು ಬಸ್ಸು ಹತ್ತುವಾಗ ಹೇಳಿದ್ದೆ. ಇದು ನಿನ್ನ ಕೈಗೆ ಬಂದಿದ್ದರೆ ತಂದವನು ಅವನೇ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿಲ್ಲ, ಅನ್ನದ ಅಂಟು ಹಚ್ಚಿ ಮುಚ್ಚಿದ್ದೇನೆ. ಒಡೆದು ಓದಿದ ಗುರುತು ಕಂಡರೆ ಮಾತೇ ಬೇಡ, ವಾಪಸು ಕಳಿಸು. ಇಲ್ಲದಿದ್ದರೆ ಅವನು ಈಗ ಹಾಸ್ಟೆಲ್ಲಿನ ಗೇಟಿನ ಹೊರಗೆ ನಿಂತಿದ್ದಾನೆ. ನಾಳೆ ಗಂಟು ಕೊಡುವಾಗ ಅವನಿಗೆ, ಅವಳು ಓದಿ ಮುಗಿಸಿ ಬಂದು ಒಂದು ಮಾತು ಕೇಳುತ್ತಾಳೆ, ಅಲ್ಲಿಯ ತನಕ ಕದಲಬೇಡ ಅನ್ನುತ್ತೇನೆ. ನಾನು ಕೇಳಿದ್ದನ್ನೇ ಹೋಗಿ ಕೇಳು. ಅವನ ಉತ್ತರ ಮನಸ್ಸಿಗೆ ಬರದಿದ್ದರೆ ಅಜ್ಜಿ ಬೇಡ ಅಂದಳು ಎಂದು ನನ್ನ ಹೆಸರು ಹೇಳು, ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಮನಸ್ಸಿಗೆ ಬಂದರೆ ನನಗೆ ಕಾಗದ ಬರೆ, ಉಳಿದದ್ದನ್ನು ನಾನು ನಿನ್ನಪ್ಪನಿಗೆ ಹೇಳಿಕೊಳ್ಳುತ್ತೇನೆ. ಗೇಟಿಗೆ ಹೋಗುವ ಮುಂಚೆ ತಲೆ ಬಾಚಿಕೋ. ಅವನೂ ನಿನ್ನ ಫೋಟೋ ಒಂದನ್ನೇ ನೋಡಿರುವುದು.